ಒಂದೇ ಮೆಳೆಯ ಮಕ್ಕಳು: ಚಳಿನಾಡಿಗೆ ಬಂದ ಬೆಟ್ಟದ ಬಿದಿರಿನ ಚರಿತ್ರೆ



ಮುಖ್ಯ ಭಾಷಣ ಮಾಡಬೇಕೆಂದು ಸಂಘಟಕರು ಫೋನ್ ಮಾಡಿದಾಗ ವಿಷಯ ಏನೆಂದು ಕೇಳಿದರು. ‘ಬಿದಿರು’ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, ‘ಡಾಕ್ಟರೇ, ಈ ಸಲದ ಸಮ್ಮೇಳನದ ವಿಷಯ ಚರಿತ್ರೆ’ ಎಂದು ಮೆಲ್ಲಗೆ ನೆನಪಿಸಿದರು. ನಾನು ಹೇಳಹೊರಟಿರುವುದೂ ಚರಿತ್ರೆಯೇ ಎಂದೆ. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ, ಒಪ್ಪಿಕೊಂಡರು. ಅವರಿಗೆ ಮೊದಲ ಕೃತಜ್ಞತೆ.

ನಾನು ಸಸ್ಯಶಾಸ್ತ್ರ ಓದಿದವನಲ್ಲ. ಮೂವತ್ತು ವರ್ಷ ಜಿ.ಪಿ. ಆಗಿ ಯಾರ್ಕ್‌ಶೈರಿನ ಜನರ ಕೆಮ್ಮು, ಮಂಡಿನೋವು ನೋಡಿಕೊಂಡು ನಿವೃತ್ತನಾದವನು. ಹುಟ್ಟಿದ್ದು ತೀರ್ಥಹಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಅಲ್ಲಿ ಬಿದಿರನ್ನು ಯಾರೂ ‘ಬೆಳೆಸುತ್ತಿರಲಿಲ್ಲ’. ಅದು ಇರುತ್ತಿತ್ತು, ಅಷ್ಟೆ. ಬೇಲಿಗೆ ಬಿದಿರು, ಏಣಿಗೆ ಬಿದಿರು, ಅಡಿಕೆ ಕೊನೆ ಕೀಳುವ ದೋಟಿಗೆ ಬಿದಿರು, ಗೌರಿ ಹಬ್ಬದ ಬಾಗಿನಕ್ಕೆ ಮೇದಾರರು ಹೆಣೆದ ಮೊರ. ಮಳೆ ಹಿಡಿದರೆ ಕಳಲೆ. ಅದನ್ನು ಕೊಚ್ಚಿ, ಮೂರು ದಿನ ನೀರು ಬದಲಾಯಿಸುತ್ತಾ ನೆನೆಸಿ ಮಾಡಿದ ಪಲ್ಯದ ರುಚಿ ಇಲ್ಲಿ ಕೂತಿರುವ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

1986ರಲ್ಲಿ ಪೆನ್ನೈನ್ ಬೆಟ್ಟಗಳ ತಪ್ಪಲಿನಲ್ಲಿ ನಾವು ಮನೆ ಕೊಂಡೆವು. ಚಳಿಗಾಲದಲ್ಲಿ ಮೂಡಣದಿಂದ ಬೀಸುವ ಗಾಳಿಗೆ ಹಿತ್ತಲಿನಲ್ಲಿ ಹಾಕಿದ ಅರ್ಧ ಗಿಡಗಳು ಕಪ್ಪಾಗಿ ಹೋಗುತ್ತಿದ್ದವು. ಒಂದು ನರ್ಸರಿಯಲ್ಲಿ ಕುಂಡದೊಳಗೆ ಬಿದಿರು ಕಂಡು ಆಸೆಯಾಗಿ ತಂದೆ. ಸೊಂಟದೆತ್ತರ, ಬೆರಳು ಗಾತ್ರದ ಗಳ, ಚಿಕ್ಕ ಚಿಕ್ಕ ಎಲೆ. ‘ಏನ್ರೀ ಇದು, ಬಿದಿರಾ? ಹುಲ್ಲಿನ ಹಾಗಿದೆಯಲ್ಲ’ ಎಂದಳು ನನ್ನ ಹೆಂಡತಿ. ಅವಳು ಹೇಳಿದ್ದು ಸರಿಯೇ, ಬಿದಿರು ಹುಲ್ಲಿನ ಜಾತಿಯದೇ. ನೆಟ್ಟ ಮೊದಲ ಚಳಿಗಾಲದಲ್ಲೇ ಅದರ ಮೇಲೆ ಹಿಮ ಬಿದ್ದು ಗಳಗಳೆಲ್ಲ ನೆಲಕ್ಕೆ ಬಾಗಿದವು. ಮುಗಿಯಿತು ಎಂದುಕೊಂಡೆ. ಹಿಮ ಕರಗಿದ ದಿನ ಒಂದೊಂದಾಗಿ ಎದ್ದು ನಿಂತವು. ಹತ್ತು ವರ್ಷದಲ್ಲಿ ಮೆಳೆ ನನಗಿಂತ ಎರಡು ಪಟ್ಟು ಎತ್ತರವಾಯಿತು. ಊರಿನಿಂದ ಬಂದವರಿಗೆಲ್ಲ ಮೊದಲು ತೋರಿಸುತ್ತಿದ್ದುದು ಅದನ್ನೇ.

1996ರ ವಸಂತದಲ್ಲಿ ಮೆಳೆಯ ತುದಿಗಳಲ್ಲಿ ಕಂದು ಬಣ್ಣದ ತೆನೆ ಕಂಡಿತು. ಬಿದಿರು ಹೂ ಬಿಟ್ಟಿತ್ತು. ನನಗೆ ಅಜ್ಜಿಯ ನೆನಪಾಯಿತು. ನಾನು ಚಿಕ್ಕವನಿದ್ದಾಗ ಹೊಳೆಯಾಚೆ ಒಂದು ಮೆಳೆ ಹೂ ಬಿಟ್ಟಿತ್ತು. ಹೆಂಗಸರು ಅದರ ಬುಡ ಗುಡಿಸಿ ಸಗಣಿ ಸಾರಿಸಿ, ಉದುರಿದ ಬಿದಿರಕ್ಕಿಯನ್ನು ಮೊರಗಟ್ಟಲೆ ತಂದಿದ್ದರು. ಮನೆಯಲ್ಲಿ ಎಲ್ಲರಿಗೂ ಖುಷಿ, ಅಜ್ಜಿಗೆ ಮಾತ್ರ ಇಲ್ಲ. ‘ಬಿದಿರು ಹೂ ಬಿಟ್ಟರೆ ಬರ ಬರುತ್ತೆ. ಬಿಟ್ಟ ಮೇಲೆ ತಾನೂ ಇರೋದಿಲ್ಲ’ ಎಂದಿದ್ದಳು.

ನನ್ನ ಹಿತ್ತಲಿನ ಮೆಳೆಯೂ ಉಳಿಯಲಿಲ್ಲ. ಎರಡು ವರ್ಷದಲ್ಲಿ ಒಣಗಿ ಹುಲ್ಲಿನ ಬಣವೆಯ ಹಾಗಾಯಿತು. ಗೊಬ್ಬರ ಹಾಕಿದೆ, ನೀರು ಹಾಕಿದೆ, ಕೊನೆಗೆ ಗಿಡ ಕೊಟ್ಟ ನರ್ಸರಿಯ ಮುದುಕನಿಗೆ ಫೋನ್ ಮಾಡಿದೆ. ‘ನಿಮ್ಮದೊಂದೇ ಅಲ್ಲ ಡಾಕ್ಟರ್’ ಎಂದ ಆತ. ‘ನನ್ನವೂ ಹೋಗುತ್ತಿವೆ. ಹಾಲೆಂಡಿನವರದ್ದೂ, ಜರ್ಮನಿಯವರದ್ದೂ. ಅವೆಲ್ಲ ಒಂದೇ ಗಿಡ.’

‘ಅವೆಲ್ಲ ಒಂದೇ ಗಿಡ’ ಎಂಬ ಆ ಮಾತು ಆಗ ನನಗೆ ಅರ್ಥವಾಗಲಿಲ್ಲ. ಯಾರ್ಕ್‌ಶೈರಿನ ಗಿಡವೂ ಹಾಲೆಂಡಿನ ಗಿಡವೂ ಒಂದೇ ಹೇಗೆ? ಅದನ್ನು ತಿಳಿಯಲು ಹೊರಟವನು ನೂರೈವತ್ತು ವರ್ಷದ ಚರಿತ್ರೆಯೊಳಗೆ ಹೋಗಿ ಬಿದ್ದೆ. ಅದರಲ್ಲಿ ಕ್ಯೂ ಉದ್ಯಾನವಿದೆ, ಚೀನಾದ ಬೆಟ್ಟಗಳಿವೆ, ಆಶ್ಚರ್ಯವೆಂದರೆ ನಮ್ಮ ಲಾಲ್‌ಬಾಗೂ ಇದೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಬಿದಿರು ಎಂದರೆ ಸೆಕೆನಾಡಿನ ಗಿಡ ಎಂದು ನಾವು ತಿಳಿದಿದ್ದೇವೆ. ಪೂರ್ತಿ ನಿಜವಲ್ಲ. ನಮ್ಮ ನೀಲಗಿರಿಯ ಶೋಲಾ ಕಾಡಿನಲ್ಲೇ ಚಳಿಗೆ ಒಗ್ಗಿದ ಸಣ್ಣ ಬಿದಿರಿದೆ. ಹಿಮಾಲಯದಲ್ಲಿ, ಪಶ್ಚಿಮ ಚೀನಾದಲ್ಲಿ, ಎರಡರಿಂದ ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ ಫರ್ ಮರಗಳ ನೆರಳಿನಲ್ಲಿ ಬಿದಿರು ಬೆಳೆಯುತ್ತದೆ. ಪಾಂಡಾ ತಿನ್ನುವುದು ಇಂಥ ಬಿದಿರನ್ನೇ. ಇವಕ್ಕೆ ಬೇಸಿಗೆಯಲ್ಲಿ ತಂಪು, ಮೋಡ, ಮಳೆ ಬೇಕು. ಚಳಿಗಾಲದಲ್ಲಿ ಹಿಮದ ಹೊದಿಕೆ ಸಿಕ್ಕರೆ ಇನ್ನೂ ಒಳ್ಳೆಯದು. ಕೆಲವು ಜಾತಿಗಳು ಸೊನ್ನೆಗಿಂತ 25 ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತವೆ. ಚಳಿ ಹೆಚ್ಚಾದರೆ ಎಲೆಯನ್ನು ಉದ್ದಕ್ಕೆ ಸುರುಳಿ ಸುತ್ತಿಕೊಂಡು ನೀರು ಆರದಂತೆ ನೋಡಿಕೊಳ್ಳುತ್ತವೆ. ಇವನ್ನು ಕೊಲ್ಲುವುದು ಬರೀ ಚಳಿಯಲ್ಲ. ನೆಲ ಹೆಪ್ಪುಗಟ್ಟಿ ಬೇರಿಗೆ ನೀರು ಸಿಗದಿರುವಾಗ ಬೀಸುವ ಒಣ ಗಾಳಿ ಒಂದು, ಬೇಸಿಗೆಯ ಒಣ ಬಿಸಿಲು ಇನ್ನೊಂದು. ಬುಡಕ್ಕೆ ದಪ್ಪಗೆ ತರಗೆಲೆ ಹೊದಿಸಿ, ಮೂಡಣ ಗಾಳಿಗೆ ಒಂದು ಮರೆ ಕೊಟ್ಟು, ಬೇಸಿಗೆಯಲ್ಲಿ ನೀರು ತಪ್ಪಿಸದಿದ್ದರೆ ಅರ್ಧ ಗೆದ್ದ ಹಾಗೆ. ಇದನ್ನು ತಿಳಿಯಲು ಈ ದೇಶದ ತೋಟಗಾರರಿಗೆ ಬಹಳ ಕಾಲ ಹಿಡಿಯಿತು.

ಬ್ರಿಟನ್ನಿಗೆ ಮೊದಲು ಬಂದ ಬೆಟ್ಟದ ಬಿದಿರು ಹಿಮಾಲಯದ್ದು. ಜೋಸೆಫ್ ಹೂಕರ್ 1848 ಮತ್ತು 1849ರಲ್ಲಿ ಸಿಕ್ಕಿಂ ಕಡೆ ತಿರುಗಾಡಿದರು. ಅವರ ‘ಹಿಮಾಲಯನ್ ಜರ್ನಲ್ಸ್’ 1854ರಲ್ಲಿ ಪ್ರಕಟವಾಯಿತು. ಅದನ್ನು ಓದಿದರೆ ಬಿದಿರಿಲ್ಲದೆ ಅವರ ಪಯಣ ಒಂದು ದಿನವೂ ಸಾಗುತ್ತಿರಲಿಲ್ಲ ಎಂದು ತಿಳಿಯುತ್ತದೆ. ರಾತ್ರಿಯ ಗುಡಿಸಲು, ನೀರು ಹೊರುವ ಕೊಳವೆ, ಹೊಳೆ ದಾಟುವ ಸೇತುವೆ ಎಲ್ಲವೂ ಬಿದಿರಿನವು, ಕಟ್ಟಿದವರು ಲೆಪ್ಚಾ ಜನ. ಯಾವ ಎತ್ತರದಲ್ಲಿ ಯಾವ ಬಿದಿರು, ಯಾವುದು ಏತಕ್ಕೆ ಬರುತ್ತದೆ ಎಂಬುದೆಲ್ಲ ಅವರಿಗೆ ತಲೆಮಾರುಗಳಿಂದ ಗೊತ್ತಿತ್ತು.

ಹೀಗೆ ಹಲವರು ಕಳಿಸಿದ ಒಣ ಮಾದರಿಗಳನ್ನೆಲ್ಲ ಒಂದೆಡೆ ಇಟ್ಟು ನೋಡಿ, ಬಿದಿರಿನ ಬಗ್ಗೆ ಮೊದಲ ದೊಡ್ಡ ಗ್ರಂಥ ಬರೆದವರು ವಿಲಿಯಂ ಮನ್ರೋ. ಅದನ್ನು ಲಂಡನ್ನಿನ ಲಿನಿಯನ್ ಸೊಸೈಟಿ 1868ರಲ್ಲಿ ಪ್ರಕಟಿಸಿತು. ಹಿಮಾಲಯದ ಎತ್ತರದ ಬಿದಿರುಗಳಿಗೆ ಅವರಿಟ್ಟ ‘ಥಾಮ್ನೊಕ್ಯಾಲಮಸ್’ ಎಂಬ ಕುಲನಾಮ ಇಂದಿಗೂ ಬಳಕೆಯಲ್ಲಿದೆ. ವೃತ್ತಿಯಿಂದ ಮನ್ರೋ ಸೈನಿಕ, 39ನೇ ರೆಜಿಮೆಂಟಿನವರು, ಮುಂದೆ ಕ್ರಿಮಿಯಾ ಯುದ್ಧದಲ್ಲೂ ಇದ್ದವರು. ಇವರ ಹೆಸರು ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿ ಹುಡುಕಿದಾಗ ಕುರ್ಚಿಯಿಂದ ಎದ್ದು ನಿಂತೆ. 1836ರಲ್ಲಿ ಬೆಂಗಳೂರಿನಲ್ಲಿ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿ ಕಟ್ಟಿ, ಕಮಿಷನರ್ ಮಾರ್ಕ್ ಕಬ್ಬನ್ ಅವರಿಂದ ಲಾಲ್‌ಬಾಗನ್ನು ಸೊಸೈಟಿಯ ವಶಕ್ಕೆ ಪಡೆದ ವಿಲಿಯಂ ಮನ್ರೋ ಇವರೇ. ಸೊಸೈಟಿ ಹೆಚ್ಚು ಕಾಲ ಬಾಳಲಿಲ್ಲ, 1842ರಲ್ಲಿ ಮುಚ್ಚಿತು. ಆದರೆ ಮುಂದೆ ಬಿದಿರಿನ ಪಂಡಿತನಾದ ಮನುಷ್ಯ ಯುವ ಸೈನ್ಯಾಧಿಕಾರಿಯಾಗಿದ್ದಾಗ ಗಿಡಗಳ ಲೆಕ್ಕ ಇಟ್ಟದ್ದು ನಮ್ಮ ಬೆಂಗಳೂರಿನಲ್ಲಿ. ನಾವು ಫ್ಲವರ್ ಶೋ ನೋಡಲು ಹೋಗುತ್ತಿದ್ದ ಅದೇ ತೋಟದಲ್ಲಿ.

ಹಿಮಾಲಯದ ಬಿದಿರುಗಳು ಈ ದೇಶದಲ್ಲಿ ಅರೆಬರೆಯಾಗಿ ಬದುಕಿದವು. ಕಾರ್ನ್‌ವಾಲ್, ಐರ್ಲೆಂಡ್, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿ, ಹೀಗೆ ಸಮುದ್ರದ ಬೆಚ್ಚನೆ ಗಾಳಿ ತಾಕುವ ಕಡೆ ಚೆನ್ನಾಗಿ ಬಂದವು. ಒಳನಾಡಿನ ಚಳಿಗೆ ಬಹಳಷ್ಟು ಸುಟ್ಟುಹೋದವು. ಫಾಲ್ಕನರ್ ಎಂಬ ಸಸ್ಯಶಾಸ್ತ್ರಜ್ಞರ ಹೆಸರಿನ ಹಿಮಾಲಯದ ಬಿದಿರು ಸುಮಾರು ಮೈನಸ್ ಹತ್ತು ಡಿಗ್ರಿಗೇ ಸೋಲುತ್ತದೆ. ಮೇಲಾಗಿ ಅದು ಸುಮಾರು ಮೂವತ್ತು ವರ್ಷಕ್ಕೊಮ್ಮೆ ಹೂ ಬಿಟ್ಟು ಸಾಯುವ ಜಾತಿ. ಬೆಟ್ಟದಿಂದ ತಂದದ್ದೆಲ್ಲ ಚಳಿ ತಡೆಯುತ್ತದೆ ಎಂಬ ನಂಬಿಕೆ ಹೀಗೆ ಮುರಿಯಿತು. ಬೆಟ್ಟ ಎಂದರೆ ಯಾವ ಬೆಟ್ಟ, ಎಷ್ಟು ಎತ್ತರ, ಯಾವ ಮಗ್ಗುಲು ಎಂದು ಕೇಳಬೇಕು ಎನ್ನುವುದು ಮೊದಲ ಪಾಠವಾಯಿತು.

ಎರಡನೆಯ ಪಾಠ ಕಲಿಸಿದವರು ಆಲ್ಜರ್ನಾನ್ ಫ್ರೀಮನ್-ಮಿಟ್‌ಫರ್ಡ್. ಪೀಕಿಂಗ್‌ನಲ್ಲೂ ಜಪಾನಿನಲ್ಲೂ ರಾಯಭಾರ ಕಚೇರಿಯಲ್ಲಿ ಕೆಲಸ ಮಾಡಿ ಅಲ್ಲಿನ ಬಿದಿರಿಗೆ ಮನಸೋತವರು. 1886ರಲ್ಲಿ ಗ್ಲಾಸ್ಟರ್‌ಶೈರಿನ ಬ್ಯಾಟ್ಸ್‌ಫರ್ಡ್ ಎಸ್ಟೇಟ್ ಅವರ ಪಾಲಿಗೆ ಬಂತು. ಕಾಟ್ಸ್‌ವೋಲ್ಡ್ಸ್ ಗುಡ್ಡದ ಇಳಿಜಾರಿನಲ್ಲಿ ಹತ್ತಾರು ಬಗೆಯ ಬಿದಿರು ನೆಟ್ಟು ಪ್ರಯೋಗ ಮಾಡಿದರು. ಕ್ಯೂ ಉದ್ಯಾನದಲ್ಲಿ ಬಿದಿರು ತೋಟ ಸಿದ್ಧವಾದದ್ದೂ ಆ ಕಾಲದಲ್ಲೇ, 1891–92ರಲ್ಲಿ. ಆ ವರ್ಷಗಳಲ್ಲಿ ಕ್ಯೂನಲ್ಲಿ ಕೆಲಸಕ್ಕಿದ್ದ ಒಬ್ಬ ಜರ್ಮನ್ ತೋಟಗಾರನ ಹೆಸರು ನಿಮಗೆ ಗೊತ್ತು: ಗುಸ್ತಾವ್ ಕ್ರುಂಬಿಗಲ್. ಮುಂದೆ ಬರೋಡಕ್ಕೆ ಹೋಗಿ, ಅಲ್ಲಿಂದ 1908ರಲ್ಲಿ ಲಾಲ್‌ಬಾಗಿಗೆ ಬಂದು ಬೆಂಗಳೂರಿನ ಬೀದಿಗಳನ್ನು ಹೂಮರಗಳಿಂದ ತುಂಬಿದವರು.

ಮಿಟ್‌ಫರ್ಡ್ ಅವರ ತೋಟಕ್ಕೆ ಪರೀಕ್ಷೆ ಬಂದದ್ದು 1894–95ರ ಚಳಿಗಾಲದಲ್ಲಿ. 1895ರ ಫೆಬ್ರವರಿ 11ರಂದು ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಮೈನಸ್ 27.2 ಡಿಗ್ರಿ ದಾಖಲಾಯಿತು. ಇವತ್ತಿಗೂ ಈ ದೇಶದಲ್ಲಿ ಅದಕ್ಕಿಂತ ಕೆಳಗೆ ಇಳಿದಿಲ್ಲ. ಮರುವರ್ಷವೇ, 1896ರಲ್ಲಿ, ಅವರ ‘ದಿ ಬ್ಯಾಂಬೂ ಗಾರ್ಡನ್’ ಪುಸ್ತಕ ಹೊರಬಂತು. ಅದರಲ್ಲಿ ಅವರು ಕಂಡುಕೊಂಡ ಒಂದು ಗುರುತು ಬಹಳ ಸರಳವಾದದ್ದು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಉದ್ದ ನರಗಳ ನಡುವೆ ಅಡ್ಡ ನರಗಳೂ ಇದ್ದು ಇಟ್ಟಿಗೆ ಗೋಡೆಯ ಹಾಗೆ ಚೌಕ ಚೌಕವಾಗಿ ಕಂಡರೆ ಆ ಬಿದಿರು ಸಾಮಾನ್ಯವಾಗಿ ಚಳಿ ತಡೆಯುತ್ತದೆ. ಕಾಣದಿದ್ದರೆ ಒಳಗಿಟ್ಟುಕೊಳ್ಳುವುದು ಮೇಲು. ಎಲ್ಲ ಜಾತಿಗೂ ತಪ್ಪದೆ ಹೊಂದದಿದ್ದರೂ ಇಂದಿಗೂ ತೋಟಗಾರರು ಇದನ್ನು ನೆಚ್ಚುತ್ತಾರೆ. ಈ ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊರಗಿನ ಕಾರ್ ಪಾರ್ಕಿನ ಅಂಚಿನಲ್ಲಿರುವ ಬಿದಿರನ್ನು ನೀವೂ ಹೀಗೆ ನೋಡಬಹುದು. ಎಲೆ ಒಂದೇ ಸಾಕು, ಕೊಂಬೆ ಮುರಿಯಬೇಡಿ.

ಇನ್ನು ಚೀನಾದ ಬೆಟ್ಟಗಳಿಗೆ ಹೋಗೋಣ. ಇಂದು ಯುರೋಪಿನ ಹಿತ್ತಲುಗಳಲ್ಲಿರುವ ಚಳಿಬಿದಿರಿನ ಬಹುಪಾಲು ಅಲ್ಲಿಂದ ಬಂದದ್ದು. ಕುಲದ ಹೆಸರು ಫಾರ್ಗೇಸಿಯಾ. ಚೀನಾದಲ್ಲಿ ಗಿಡ ಸಂಗ್ರಹಿಸಿದ ಪಾಲ್ ಫಾರ್ಗೆಸ್ ಎಂಬ ಫ್ರೆಂಚ್ ಪಾದ್ರಿಯ ನೆನಪಿಗೆ 1893ರಲ್ಲಿ ಇಟ್ಟ ಹೆಸರು. ಅದರಲ್ಲಿ ಎರಡು ಜಾತಿಗಳ ಕಥೆ ಹೇಳುತ್ತೇನೆ.

ಮೊದಲನೆಯದು ನಿಟಿಡಾ. ರಷ್ಯಾದ ಅನ್ವೇಷಕ ಗ್ರಿಗೋರಿ ಪೊಟಾನಿನ್ ಅವರ ತಂಡ 1886ರಲ್ಲಿ ಗಾನ್ಸು ಪ್ರಾಂತದ ಕಡೆ ಇದರ ಬೀಜ ಸಂಗ್ರಹಿಸಿತು. ಬೀಜ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ, ಅಲ್ಲಿಂದ ಲಂಡನ್ನಿನ ಪ್ರಸಿದ್ಧ ವೀಚ್ ನರ್ಸರಿಗೆ ಬಂತು. 1889ರಲ್ಲಿ ಅಲ್ಲಿ ಸಸಿಗಳು ಎದ್ದವು. ಕಪ್ಪು ನೇರಳೆ ಬಣ್ಣದ ಸಣ್ಣ ಗಳ, ತೆಳು ಎಲೆ. ಹೊಸ ಕಳಲೆ ಮೊದಲ ವರ್ಷ ಬರೀ ಕೋಲಿನ ಹಾಗೆ ಎದ್ದು ನಿಂತು ಚಳಿಗಾಲ ಕಳೆಯುತ್ತದೆ, ಕೊಂಬೆ ಎಲೆ ಬಿಡುವುದು ಮರು ವಸಂತದಲ್ಲಿ. ಅವಸರವಿಲ್ಲದ ಗಿಡ.

ಎರಡನೆಯದೇ ನನ್ನ ಹಿತ್ತಲಿನಲ್ಲಿದ್ದ ಗಿಡ. ಅದನ್ನು ತಂದವರು ಅರ್ನೆಸ್ಟ್ ಹೆನ್ರಿ ವಿಲ್ಸನ್. ಅವರು ಹುಟ್ಟಿದ ಚಿಪ್ಪಿಂಗ್ ಕ್ಯಾಂಪ್ಡನ್ ಊರು ಮಿಟ್‌ಫರ್ಡ್ ಅವರ ಬ್ಯಾಟ್ಸ್‌ಫರ್ಡಿನಿಂದ ಹತ್ತು ಕಿಲೋಮೀಟರಿನಷ್ಟು ದೂರ. ತೋಟದ ಹುಡುಗನಾಗಿ ಕೆಲಸ ಶುರು ಮಾಡಿ, ಕ್ಯೂ ಸೇರಿ, 1899ರಲ್ಲಿ ವೀಚ್ ನರ್ಸರಿಯ ಪರವಾಗಿ ಚೀನಾಕ್ಕೆ ಹೋದರು. ಮುಂದೆ ಅಮೆರಿಕದ ಬಾಸ್ಟನ್ನಿನ ಆರ್ನಲ್ಡ್ ಆರ್ಬೊರೇಟಂ ಅವರನ್ನು ಕಳಿಸಿತು. 1907ರಲ್ಲಿ ಹುಬೇ ಪ್ರಾಂತದ ಪಶ್ಚಿಮದ ಬೆಟ್ಟಗಳಲ್ಲಿ ಈ ಬಿದಿರನ್ನು ಕಂಡರು. ಹಳದಿ ಹಸಿರು ಗಳ, ನೀರಿನ ಚಿಲುಮೆಯಂತೆ ಬಾಗುವ ತುದಿ. ತಾವು ತಂದ ಸಾವಿರಾರು ಗಿಡಗಳಲ್ಲಿ ಇದಕ್ಕೆ ಅವರು ಪುಟ್ಟ ಮಗಳ ಹೆಸರು ಬಯಸಿದರು. ಮಗಳ ಹೆಸರು ಮ್ಯೂರಿಯಲ್. ಗಿಡ ಮ್ಯೂರಿಯಲಿ ಆಯಿತು.

ಜೀವಂತ ಗಿಡ ಬಾಸ್ಟನ್ನಿಗೆ ಹೋಯಿತು. ಅಲ್ಲಿಂದ 1913ರಲ್ಲಿ ಒಂದು ಗಿಡ ಕ್ಯೂಗೆ ಬಂತು. ಒಂದೇ ಒಂದು. 1920ರಲ್ಲಿ ಅದಕ್ಕೆ ಶಾಸ್ತ್ರೀಯವಾಗಿ ಹೆಸರಿಟ್ಟವರು ಜೇಮ್ಸ್ ಸೈಕ್ಸ್ ಗ್ಯಾಂಬಲ್. ಇಲ್ಲಿ ಮತ್ತೆ ನಮ್ಮ ಕಡೆಯ ನಂಟು ಬರುತ್ತದೆ. ಗ್ಯಾಂಬಲ್ ಭಾರತದ ಅರಣ್ಯ ಇಲಾಖೆಯಲ್ಲಿ ದುಡಿದವರು, ಡೆಹ್ರಾಡೂನಿನ ಅರಣ್ಯ ಶಾಲೆಯ ಮುಖ್ಯಸ್ಥರಾಗಿದ್ದವರು. ಭಾರತದ ಬಿದಿರುಗಳ ಬಗ್ಗೆ ಅವರ ದೊಡ್ಡ ಗ್ರಂಥ ಹೊರಬಂದದ್ದೂ 1896ರಲ್ಲೇ. ನಿವೃತ್ತರಾಗಿ ಹ್ಯಾಂಪ್‌ಶೈರಿನಲ್ಲಿ ನೆಲೆಸಿದ ಮೇಲೆ ಮದ್ರಾಸ್ ಪ್ರಾಂತದ ಸಸ್ಯಸಂಪತ್ತಿನ ಸಂಪುಟಗಳನ್ನು ಬರೆಯತೊಡಗಿದರು. ಆಗ ಮಂಗಳೂರು, ಉಡುಪಿ ಇದ್ದ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಕೆಲಸ ಮುಗಿಯುವ ಮೊದಲೇ, 1925ರಲ್ಲಿ ತೀರಿಕೊಂಡರು. ಉಳಿದದ್ದನ್ನು ಫಿಷರ್ ಎಂಬವರು ಪೂರೈಸಿದರು. ನಮ್ಮ ಕರಾವಳಿಯ ಗಿಡ ಗುರುತಿಸಲು ಇಂದಿಗೂ ತೆಗೆಯುವ ಪುಸ್ತಕ ಬರೆದವರೇ ಯಾರ್ಕ್‌ಶೈರಿನ ನನ್ನ ಹಿತ್ತಲಿನ ಗಿಡಕ್ಕೂ ನಾಮಕರಣ ಮಾಡಿದ್ದರು.

ಈಗ ನರ್ಸರಿಯ ಮುದುಕನ ಮಾತಿಗೆ ಬರುತ್ತೇನೆ. ಬಿದಿರು ಹೂ ಬಿಡುವುದು ಅಪರೂಪ, ಆದ್ದರಿಂದ ಬೀಜ ಸಿಗುವುದಿಲ್ಲ. ಮೆಳೆಯನ್ನು ಅಗೆದು, ಗೆಡ್ಡೆಯನ್ನು ಸೀಳಿ, ಹೋಳು ಮಾಡಿ ನೆಡುತ್ತಾರೆ. ಕ್ಯೂನ ಆ ಒಂದು ಮೆಳೆ ಹೋಳಾಯಿತು, ಹೋಳು ಮತ್ತೆ ಹೋಳಾಯಿತು. ಎಂಬತ್ತು ವರ್ಷದಲ್ಲಿ ಇಂಗ್ಲೆಂಡ್, ಹಾಲೆಂಡ್, ಜರ್ಮನಿಯ ಹಿತ್ತಲು, ಉದ್ಯಾನ, ಸ್ಮಶಾನದ ಬೇಲಿ ಎಲ್ಲ ಕಡೆ ಹರಡಿತು. ಕ್ಯೂ ಮೆಳೆಯ ಒಂದು ಹೋಳಿಗೂ ಇನ್ನೊಂದಕ್ಕೂ ವಂಶವಾಹಿಯಲ್ಲಿ ವ್ಯತ್ಯಾಸವಿಲ್ಲ. ಸಾವಿರಾರು ಮೈಲಿ ದೂರದಲ್ಲಿದ್ದರೂ ನಿಜಕ್ಕೂ ಒಂದೇ ಗಿಡ. ಒಂದು ಚಳಿ ತಡೆದರೆ ಎಲ್ಲವೂ ತಡೆಯುತ್ತವೆ. ತೋಟಗಾರಿಕೆಯ ಲೆಕ್ಕದಲ್ಲಿ ಇದು ದೊಡ್ಡ ಗೆಲುವು.

ಆದರೆ ಆ ಒಂದು ಗಿಡದೊಳಗೆ ಒಂದು ಗಡಿಯಾರ ಇತ್ತು. ಬಿದಿರಿನ ಒಂದು ಪೀಳಿಗೆ ಎಲ್ಲಿದ್ದರೂ ಬಹುತೇಕ ಒಂದೇ ಕಾಲಕ್ಕೆ ಹೂ ಬಿಡುತ್ತದೆ, ಬೀಜ ಕೊಟ್ಟು ಸಾಯುತ್ತದೆ. ಡೇನಿಯಲ್ ಜಾನ್ಜೆನ್ ಎಂಬ ಅಮೆರಿಕದ ವಿಜ್ಞಾನಿ 1976ರಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು: ಆಗಾಗ ಸ್ವಲ್ಪ ಸ್ವಲ್ಪ ಬೀಜ ಬಿಟ್ಟರೆ ಇಲಿ, ಹಕ್ಕಿ ಎಲ್ಲವನ್ನೂ ತಿಂದುಬಿಡುತ್ತವೆ. ದೀರ್ಘ ಕಾಲ ಏನೂ ಕೊಡದೆ ಒಮ್ಮೆಲೇ ಸುರಿದರೆ ಅವು ತಿಂದೂ ಮಿಗುತ್ತದೆ, ಮಿಕ್ಕದ್ದು ಮೊಳೆಯುತ್ತದೆ. ಅಜ್ಜಿಯ ಮಾತಿನ ಹುರುಳೂ ಇಲ್ಲೇ ಇದೆ. ಬೀಜ ತಿಂದು ಇಲಿಗಳು ಹೆಚ್ಚುತ್ತವೆ. ಬಿದಿರಕ್ಕಿ ಮುಗಿದ ಮೇಲೆ ಹೊಲಕ್ಕೆ, ಕಣಜಕ್ಕೆ ನುಗ್ಗುತ್ತವೆ. ಮಿಜೋರಾಮಿನಲ್ಲಿ 1959ರಲ್ಲಿ ಹೀಗೇ ಕ್ಷಾಮ ಬಂತು. ಸರ್ಕಾರದ ನೆರವು ಸಾಲದೆ ಎದ್ದ ಸಿಟ್ಟು 1966ರ ಬಂಡಾಯದವರೆಗೆ ಹೋಯಿತು. ಚೀನಾದ ಮಿನ್ ಬೆಟ್ಟಗಳಲ್ಲಿ 1970ರ ದಶಕದ ನಡುವೆ ಬಿದಿರು ಹೂ ಬಿಟ್ಟು ಒಣಗಿದಾಗ ನೂರಕ್ಕೂ ಹೆಚ್ಚು ಪಾಂಡಾಗಳು ಸತ್ತವು.

ನನ್ನ ಮ್ಯೂರಿಯಲಿಯ ಸರದಿ ಮೊದಲು ಡೆನ್ಮಾರ್ಕಿನಲ್ಲಿ ಬಂತು. 1970ರ ದಶಕದಲ್ಲಿ ಅಲ್ಲಿನ ಕೆಲವು ಗಿಡ ಹೂ ಬಿಟ್ಟವು. 1990ರ ದಶಕದಲ್ಲಿ ಯುರೋಪಿನ ತುಂಬ ಬಿಟ್ಟವು, ಒಣಗಿದವು. ನರ್ಸರಿಗಳಲ್ಲಿ ಸಾಲು ಸಾಲು ಕುಂಡ ಖಾಲಿಯಾದವು. ನನ್ನನ್ನು ಇದಕ್ಕಿಂತಲೂ ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಅದೇ 1990ರ ದಶಕದ ಕೊನೆಯಲ್ಲಿ, ಹುಬೇಯ ಶೆನ್ನೊಂಗ್‌ಜಿಯಾ ಬೆಟ್ಟಗಳಲ್ಲಿ, ತವರಿನ ಕಾಡಿನಲ್ಲೂ ಅದೇ ಜಾತಿ ಹೂ ಬಿಟ್ಟಿತು. ಬೇರೆ ಮಣ್ಣು, ಬೇರೆ ಮಳೆ, ಬೇರೆ ಆಕಾಶ, ನಡುವೆ ಎರಡು ಮಹಾಯುದ್ಧ. ತೊಂಬತ್ತು ವರ್ಷ ದೂರವಿದ್ದ ಗಿಡಗಳು ತವರಿನ ಗಡಿಯಾರವನ್ನು ಮರೆತಿರಲಿಲ್ಲ. ನಿಟಿಡಾ ಕೂಡ 1990ರ ದಶಕದಿಂದ ಶುರುವಾಗಿ 2000ದ ದಶಕದಲ್ಲಿ ಹೂ ಬಿಟ್ಟು ಹೋಯಿತು. ಪೊಟಾನಿನ್ ತಂಡದ ಬೀಜಕ್ಕೆ ಆಗ ನೂರು ವರ್ಷ ದಾಟಿತ್ತು.

ಆ ದಿನಗಳಲ್ಲಿ ಹಲವರು ನಾನು ಮಾಡಿದ ತಪ್ಪನ್ನೇ ಮಾಡಿದರು. ಒಣಗುತ್ತಿದ್ದ ಮೆಳೆಯನ್ನು ಉಳಿಸಲು ಒದ್ದಾಡಿದರು, ಹೂ ಬಿಟ್ಟ ಗಳಗಳನ್ನು ಕತ್ತರಿಸಿದರು. ಬುದ್ಧಿವಂತರು ಮೆಳೆಯ ಆಸೆ ಬಿಟ್ಟು ಕೆಳಗೆ ಬಟ್ಟೆ ಹಾಸಿ ಬೀಜ ಹಿಡಿದರು. ಬಿತ್ತಿದರೆ ಒಂದು ಆಶ್ಚರ್ಯ ಕಾದಿತ್ತು. ಸಸಿಗಳು ತಾಯಿಯ ಹಾಗೆ ಇರಲಿಲ್ಲ, ಒಂದರ ಹಾಗೆ ಇನ್ನೊಂದೂ ಇರಲಿಲ್ಲ. ಕೆಲವು ಕುಳ್ಳು, ಕೆಲವು ಎತ್ತರ, ಕೆಲವು ನೆಟ್ಟಗೆ, ಕೆಲವು ಬಾಗಿದವು. ಎಂಬತ್ತು ವರ್ಷ ಒಂದೇ ಮುಖ ತೋರಿಸಿದ ಗಿಡದೊಳಗೆ ಇಷ್ಟೆಲ್ಲ ಅಡಗಿತ್ತು. ಅವುಗಳಲ್ಲಿ ಚೆನ್ನಾದದ್ದನ್ನು ಆರಿಸಿ ‘ಸಿಂಬಾ’, ‘ಜಂಬೊ’, ‘ಬಿಂಬೊ’ ಎಂದು ಹೆಸರಿಟ್ಟು ಮಾರಿದರು. ಇಂದು ನೀವು ಗಾರ್ಡನ್ ಸೆಂಟರಿನಲ್ಲಿ ಕೊಳ್ಳುವ ಮ್ಯೂರಿಯಲಿ ಆ ಮಕ್ಕಳೇ. ಅವುಗಳ ಗಡಿಯಾರ ಹೊಸದಾಗಿ ಶುರುವಾಗಿದೆ.

ಈ ಚರಿತ್ರೆಯಲ್ಲಿ ಹೆಸರುಗಳು ಬಹಳ: ಹೂಕರ್, ಮನ್ರೋ, ಮಿಟ್‌ಫರ್ಡ್, ಪೊಟಾನಿನ್, ವಿಲ್ಸನ್, ಗ್ಯಾಂಬಲ್. ಒಂದು ಪುಟ್ಟ ಮಗುವಿನ ಹೆಸರೂ ಇದೆ. ಹೂಕರ್‌ಗೆ ದಾರಿ ತೋರಿದ ಲೆಪ್ಚಾಗಳ ಹೆಸರು ಯಾವ ಬಿದಿರಿಗೂ ಅಂಟಿಲ್ಲ. ವಿಲ್ಸನ್ ಯಿಚಾಂಗ್ ಕಡೆಯ ರೈತರನ್ನು ಕೆಲಸಕ್ಕೆ ತೆಗೆದುಕೊಂಡು ಪಳಗಿಸಿದರು. ಮತ್ತೆ ಮತ್ತೆ ಅವರನ್ನೇ ಕರೆದುಕೊಂಡು ಹೋದರು. 1910ರಲ್ಲಿ ಗುಡ್ಡ ಕುಸಿದು ವಿಲ್ಸನ್ ಕಾಲು ಮುರಿದಾಗ ಹೊತ್ತು ತಂದವರೂ ಚೀನೀಯರೇ. ಗಿಡಗಳಿಗೆ ಅವರ ಹೆಸರಿಲ್ಲ. ನಮ್ಮ ಊರಿನಲ್ಲಿ ಮೊರ ಹೆಣೆದು ತರುತ್ತಿದ್ದ ಮೇದಾರ ಅಜ್ಜನ ಹೆಸರೂ ನನಗೆ ಗೊತ್ತಿರಲಿಲ್ಲ. ಗೌರಿ ಹಬ್ಬಕ್ಕೆ ಅವನು ಬರುವುದನ್ನು ಕಾಯುತ್ತಿದ್ದೆವು, ಹೆಸರು ಕೇಳಿರಲಿಲ್ಲ. ಬೇರೆಯವರ ಮೇಲೆ ಬೆರಳು ತೋರಿಸುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು.

‘ಗಿಡದ ಕಥೆ ಹೇಳಿ, ಆದರೆ ಕೊನೆಗೆ ಅದನ್ನು ನಮ್ಮ ಮೇಲೆ ತಂದು ಹಾಕಬೇಡಿ’ ಎಂದು ನನ್ನ ಹೆಂಡತಿ ಮನೆಯಲ್ಲೇ ಎಚ್ಚರಿಸಿದ್ದಾಳೆ. ಅವಳು ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಆದ್ದರಿಂದ ನನ್ನ ಮನೆಯ ಸಂಗತಿ ಮಾತ್ರ ಹೇಳಿ ಮುಗಿಸುತ್ತೇನೆ.

ನರ್ಸರಿಯ ಮುದುಕನ ಮಾತು ಕೇಳಿ ನಾನೂ ಕೊನೆಗೆ ಬುಡ ಗುಡಿಸಿದೆ. ಒಂದು ಲೋಟ ಬೀಜ ಸಿಕ್ಕಿತು. ಆಗ ಹತ್ತು ವರ್ಷದವಳಾಗಿದ್ದ ನನ್ನ ಮಗಳು ಮೊಟ್ಟೆಯ ಟ್ರೇಗಳಲ್ಲಿ ಮಣ್ಣು ತುಂಬಿ ಬಿತ್ತಿದಳು. ಹನ್ನೊಂದು ಮೊಳೆತವು. ಚಳಿಗೆ, ಬಸವನಹುಳುಗಳಿಗೆ, ನನ್ನ ಮರೆವಿಗೆ ಎಂಟು ಹೋದವು. ಮೂರು ಉಳಿದವು. ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಇನ್ನೊಂದು ಜಗಳ ನಡೆಯುತ್ತಿತ್ತು. ನಾನು ಅವಳಿಂದ ತೀರ್ಥಹಳ್ಳಿಯ ಕನ್ನಡವನ್ನೇ ಬಯಸುತ್ತಿದ್ದೆ. ಅವಳು ‘ಅಪ್ಪಾ, ನಾನು ಇವತ್ತು ಸ್ಕೂಲಲ್ಲಿ ಫೆಡ್ ಅಪ್ ಆದೆ’ ಎಂದರೆ ತಿದ್ದುತ್ತಿದ್ದೆ. ತಿದ್ದಿ ತಿದ್ದಿ ಒಂದು ವರ್ಷ ಅವಳು ನನ್ನೊಡನೆ ಕನ್ನಡ ಆಡುವುದನ್ನೇ ಬಿಟ್ಟಳು. ಅದು ನನ್ನ ತಪ್ಪು ಎಂದು ತಿಳಿಯಲು ನನಗೆ ಬಿದಿರಿಗಿಂತ ಹೆಚ್ಚು ಕಾಲ ಹಿಡಿಯಿತು. ಈಗ ಅವಳಿಗೆ ಇಬ್ಬರು ಮಕ್ಕಳು. ಅವರೊಡನೆ ಅವಳು ಆಡುವ ಕನ್ನಡದಲ್ಲಿ ಯಾರ್ಕ್‌ಶೈರಿನ ರಾಗವಿದೆ, ಕೆಲವು ಕ್ರಿಯಾಪದಗಳು ನಾನು ಎಲ್ಲೂ ಕೇಳದಂಥವು. ನಾನು ತಿದ್ದುವುದಿಲ್ಲ.

ಆ ಮೂರು ಸಸಿಗಳಲ್ಲಿ ಒಂದು ಅವಳ ಮನೆಯ ಹಿತ್ತಲಿನಲ್ಲಿದೆ. ತಾಯಿ ಮೆಳೆಯಷ್ಟು ಎತ್ತರವಿಲ್ಲ, ಅಷ್ಟು ಚೆಂದವಾಗಿ ಬಾಗುವುದೂ ಇಲ್ಲ. 2010ರ ಡಿಸೆಂಬರಿನ ಹಿಮ ಕಂಡಿದೆ. 2022ರ ಜುಲೈ 19ರಂದು ಲಿಂಕನ್‌ಶೈರಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಬಿಸಿಲು ದಾಖಲಾದ ವಾರವನ್ನೂ ಕಂಡಿದೆ. ಆ ವಾರ ಹಿಮಕ್ಕಿಂತ ಕೆಟ್ಟದ್ದಾಗಿತ್ತು. ತಂಪಿನ ಬೆಟ್ಟದಲ್ಲಿ ಹುಟ್ಟಿದ ಜಾತಿ, ಎಲೆಯೆಲ್ಲ ಸುರುಳಿ ಸುತ್ತಿ ಕೂತಿತ್ತು. ಮಗಳೂ ಮೊಮ್ಮಕ್ಕಳೂ ದಿನಾ ಸಂಜೆ ಪಾತ್ರೆ ತೊಳೆದ ನೀರು ಹೊತ್ತು ಹಾಕಿದರು. ಮರು ವಸಂತದಲ್ಲಿ ಐದು ಕಳಲೆ ಎದ್ದವು. ಎರಡನ್ನು ಕಿತ್ತು, ನೆನೆಸಿ, ಪಲ್ಯ ಮಾಡಿದಳು. ಬೆರಳು ಗಾತ್ರದ ಕಳಲೆ, ಒಬ್ಬೊಬ್ಬರಿಗೆ ಒಂದೊಂದು ಚಮಚ ಬಂತು.

ಮುಂದೆ ಯಾವಾಗ ಹೂ ಬಿಡುತ್ತದೆ ಎಂದು ಮೊಮ್ಮಗ ಕೇಳಿದ. ತಾಯಿ ಮೆಳೆಯ ಲೆಕ್ಕ ಹಿಡಿದರೆ 2090ರ ಆಸುಪಾಸು ಎಂದೆ. ಆಗ ಅವನಿಗೆ ಎಪ್ಪತ್ತು ದಾಟಿರುತ್ತದೆ. ಹೂ ಬಿಟ್ಟಾಗ ಗಿಡ ಉಳಿಸಲು ಒದ್ದಾಡಬೇಡ, ಬುಡ ಗುಡಿಸಿ ಬೀಜ ಹಿಡಿ ಎಂದು ಹೇಳಿದ್ದೇನೆ. ಅವನ ಅಮ್ಮ ಅದನ್ನು ಕನ್ನಡದಲ್ಲೇ ಒಂದು ಚೀಟಿಯಲ್ಲಿ ಬರೆದು ಶೆಡ್ಡಿನ ಬಾಗಿಲ ಒಳಗೆ ಅಂಟಿಸಿದ್ದಾಳೆ. ಎರಡು ಕಾಗುಣಿತದ ತಪ್ಪುಗಳಿವೆ. ಹಾಗೇ ಇವೆ.